ಕೂರುವ ಗುಂಪಿನ ಮೂವತ್ತೊಂದನೇ ನಂಬರು

ಏಳನೇ ನಿಮಿಷಕ್ಕೆ ಮೂವತ್ತೊಂದನೇ ನಂಬರು ಆಕಳಿಸಿದಳು.

ಮೂಗು ಬಾಯಿ ಎರಡನ್ನೂ ಮುಚ್ಚುವ ರಬ್ಬರ್ ಮುಖವಾಡ ಹಾಕಿಕೊಂಡು, ಏರು ಕೊಟ್ಟ ಟ್ರೆಡ್‌ಮಿಲ್ ಮೇಲೆ ದಾಪುಗಾಲು ಹಾಕುತ್ತ ಆಕಳಿಸುವುದು ಎಲ್ಲರಿಂದ ಆಗುವ ಕೆಲಸವಲ್ಲ. ಆಕಳಿಕೆಯ ಗಾಳಿ ಕೊಳವೆಯೊಳಗೆ ಹಾದು ಯಂತ್ರ ಸೇರಿತು. ಯಂತ್ರ ಅದನ್ನೂ ಶ್ರದ್ಧೆಯಿಂದ ಅಳೆದು ಪರದೆಯ ಮೇಲೆ ಒಂದು ಸಣ್ಣ ಗುಡ್ಡ ಬರೆಯಿತು.

"ಏರು ಇನ್ನೊಂದಿಷ್ಟು ಹೆಚ್ಚಿಸು," ಎಂದರು ದೊಡ್ಡವರು.

ಹೆಚ್ಚಿಸಿದೆ. ಮೂವತ್ತೊಂದು ಸ್ವಲ್ಪ ಮುಂದಕ್ಕೆ ಬಾಗಿದಳು. ಭುಜದ ಮೇಲೆ ಏನೋ ಇದೆ, ಜಾರದಂತೆ ಹಿಡಿದುಕೊಳ್ಳಬೇಕು ಎಂಬಂತೆ ಎಡಗೈಯನ್ನು ಮಡಿಚಿ ಕಿವಿಯ ಹತ್ತಿರ ಇಟ್ಟುಕೊಂಡಳು. ನಡೆದೇ ನಡೆದಳು. ಹತ್ತು ನಿಮಿಷವಾಯಿತು, ಹದಿಮೂರಾಯಿತು. ನಮ್ಮ ಕೂರುವ ಗುಂಪಿನ ಉಳಿದ ಹತ್ತೊಂಬತ್ತು ಹೆಂಗಸರು ಐದನೇ ನಿಮಿಷದ ಆಸುಪಾಸಿನಲ್ಲೇ ಕೈಯೆತ್ತಿ, ಕಣ್ಣು ಮೇಲೆ ಮಾಡಿ, ವಿಜ್ಞಾನಕ್ಕೆ ತಮ್ಮ ಕೈಲಾದದ್ದನ್ನು ಕೊಟ್ಟು ಇಳಿದಿದ್ದರು. ಹದಿನೆಂಟನೇ ನಿಮಿಷಕ್ಕೆ ಯಂತ್ರವೇ ಕೀ ಕೀ ಎಂದು ನಿಂತಿತು. ಅದರಾಚೆಗೆ ಏನು ಮಾಡಬೇಕೆಂದು ಅದಕ್ಕೆ ಯಾರೂ ಕಲಿಸಿರಲಿಲ್ಲ.

ಆಕೆ ಮುಖವಾಡ ತೆಗೆದಳು. ಕೆನ್ನೆಯ ಮೇಲೆ ರಬ್ಬರಿನ ಗೆರೆ ಬಿಟ್ಟರೆ ಬೇರೆ ಯಾವ ಬದಲಾವಣೆಯೂ ಇರಲಿಲ್ಲ.

"ಇಷ್ಟೇನಾ ತಂಗಿ? ಕೆಳಗೆ ಬೆಡ್‌ಶೀಟು ನೆನೆಹಾಕಿ ಬಂದಿದೀನಿ."

"ಇಷ್ಟೇ ಅಕ್ಕ."

"ಸ್ಕ್ಯಾನು ಸೋಮವಾರಾನೇ ಅಲ್ವಾ?"

"ಸೋಮವಾರಾನೇ."

"ಎಂಟೂವರೆಗೆ?"

"ಎಂಟೂವರೆಗೆ."

ಆಕೆ ಹೋದಳು. ಬಾಗಿಲು ಮುಚ್ಚುವುದನ್ನೇ ಕಾಯುತ್ತಿದ್ದ ದೊಡ್ಡವರು "ಯಂತ್ರ ಕೆಟ್ಟಿದೆ" ಎಂದರು. ಅವರು ವಿಜ್ಞಾನಿ; ಪರೀಕ್ಷಿಸದೆ ಯಾವುದನ್ನೂ ನಂಬುವವರಲ್ಲ. ಚರ್ಮದ ಬೂಟಿನಲ್ಲೇ ಟ್ರೆಡ್‌ಮಿಲ್ ಹತ್ತಿ, ಅದೇ ವೇಗ ಅದೇ ಏರು ಹಾಕು ಎಂದರು. ಎರಡೂವರೆ ನಿಮಿಷಕ್ಕೆ ಕಂಬಿಯನ್ನು ಅಪ್ಪಿಕೊಂಡರು. ನಾನು ಕೆಂಪು ಗುಂಡಿ ಒತ್ತಿದೆ. ಬಹಳ ಹೊತ್ತಿನ ಮೇಲೆ, ಮಾತು ಬಂದಾಗ, "ಯಂತ್ರ ಸರಿಯಾಗಿದೆ" ಎಂದರು.

ದೊಡ್ಡವರು ಎಂದರೆ ನಮ್ಮ ಪ್ರಯೋಗಾಲಯದ ಮುಖ್ಯಸ್ಥರು. ನಾನು ಅವರ ಸಹಾಯಕಿ. ಸಂಶೋಧನೆಯಲ್ಲಿ ಪಾಲ್ಗೊಂಡ ಹೆಂಗಸರ ಹೆಸರನ್ನು ನಾವು ಯಾರೂ ಬಾಯಿಬಿಟ್ಟು ಹೇಳುವಂತಿಲ್ಲ, ಅದು ನಿಯಮ. ಹಾಗಾಗಿ ಎಲ್ಲರೂ ನಂಬರುಗಳು. ಒಂದರಿಂದ ಇಪ್ಪತ್ತು ಓಡುವ ಗುಂಪು, ಇಪ್ಪತ್ತೊಂದರಿಂದ ನಲವತ್ತು ಕೂರುವ ಗುಂಪು. ಯಾರು ಓಡಬೇಕು ಯಾರು ಕೂರಬೇಕು ಎಂದು ಕಂಪ್ಯೂಟರ್ ಚೀಟಿ ಎತ್ತಿತ್ತು. ಓಡುವವರು ವಾರಕ್ಕೆ ನಾಲ್ಕು ದಿನ, ದಿನಕ್ಕೆ ಮುಕ್ಕಾಲು ಗಂಟೆ, ಹದಿನಾರು ವಾರ ಓಡಬೇಕು. ಕೂರುವವರು ತಮ್ಮ ಪಾಡಿಗೆ ತಾವಿರಬೇಕು. ಹದಿನಾರು ವಾರ ಅಪ್ಪಿತಪ್ಪಿಯೂ ಆರೋಗ್ಯವಂತರಾಗಲು ಪ್ರಯತ್ನಿಸಬಾರದು. ಮೊದಲೊಮ್ಮೆ, ಕೊನೆಗೊಮ್ಮೆ ಎಲ್ಲರ ರಕ್ತ.

ರಕ್ತದಲ್ಲಿ ಹುಡುಕುತ್ತಿದ್ದುದು ಇದನ್ನು. ಮೈಯ ಒಂದೊಂದು ಜೀವಕೋಶದಲ್ಲೂ ಇಡೀ ಜೀನುಗಳ ಕಟ್ಟು ಇರುತ್ತದೆ, ಆದರೆ ಎಲ್ಲ ಜೀನುಗಳೂ ಎಲ್ಲ ಕಡೆ ಕೆಲಸ ಮಾಡುವುದಿಲ್ಲ. ಯಾವುದು ಎದ್ದಿರಬೇಕು, ಯಾವುದು ಮಲಗಿರಬೇಕು ಎಂಬುದನ್ನು ಅವುಗಳ ಮೇಲೆ ಅಂಟಿಕೊಳ್ಳುವ ಕೆಲವು ಗುರುತುಗಳು ತೀರ್ಮಾನಿಸುತ್ತವೆ. ಮಿಥೈಲ್ ಎಂಬುದು ಅಂಥ ಒಂದು ಗುರುತು. ಕೋಶ ಅಡ್ಡಾದಿಡ್ಡಿ ಬೆಳೆಯದಂತೆ ಕಾಯುವ ಜೀನುಗಳಿವೆ. ಗುರುತು ಅವುಗಳ ಮೇಲೆ ಹೋಗಿ ಕೂತರೆ ಕಾವಲುಗಾರ ಗೊರಕೆ ಹೊಡೆಯುತ್ತಾನೆ, ಕೋಶ ತನ್ನ ದಾರಿ ಹಿಡಿಯುತ್ತದೆ. ಮೇಲುಸಿರು ಬರುವಂಥ ವ್ಯಾಯಾಮ ಮಾಡಿದರೆ ಈ ಗುರುತುಗಳು ಅಲ್ಲಿಂದಿಲ್ಲಿಗೆ ಬದಲಾಗಬಹುದು. ವ್ಯಾಯಾಮ ಮಾಡುವ ಹೆಂಗಸರಲ್ಲಿ ಸ್ತನದ ಕ್ಯಾನ್ಸರ್ ಕೊಂಚ ಕಡಿಮೆ ಕಾಣಿಸುವುದಕ್ಕೆ ಇದೂ ಒಂದು ಕಾರಣವಿರಬಹುದು. ನಮ್ಮ ಪ್ರಯೋಗಾಲಯದ ಗೋಡೆಗಳು ಇಟ್ಟಿಗೆಯವಾದರೂ ಕಟ್ಟಡ ನಿಂತಿರುವುದು ಈ "ಬಹುದು"ಗಳ ಮೇಲೆ. ದೊಡ್ಡವರು ಮನೆಯಲ್ಲೂ "ಊಟ ರುಚಿಯಾಗಿರಬಹುದು" ಎನ್ನುತ್ತಾರೆಂದು ಅವರ ಹೆಂಡತಿಯೇ ಒಮ್ಮೆ ಫೋನಿನಲ್ಲಿ ಹೇಳಿದ್ದರು.

ಈ ಮೂವತ್ತೊಂದು ನಿಜವಾದ ಮೂವತ್ತೊಂದಲ್ಲ. ಮೊದಲ ಮೂವತ್ತೊಂದು ಒಬ್ಬ ಗಟ್ಟಿ ದನಿಯ ವಕೀಲೆ. ಓಡುವ ಗುಂಪಿಗೆ ಷೂ ಕಂಪನಿಯೊಂದು ಷೂ ಕೊಡುತ್ತದೆಂದು ಕೇಳಿ ಸೇರಿದ್ದರು. ಕಂಪ್ಯೂಟರ್ ಅವರಿಗೆ ಕೂರಲು ಹೇಳಿದ್ದನ್ನು ವೈಯಕ್ತಿಕ ಅವಮಾನವೆಂದು ತಿಳಿದು ಎರಡನೇ ದಿನ ಎದ್ದು ಹೋದರು. "ಸಂಜೆಯೊಳಗೆ ಇನ್ನೊಬ್ಬರನ್ನು ಹುಡುಕು," ಎಂದರು ದೊಡ್ಡವರು. "ನಲವತ್ತು ದಾಟಿರಬೇಕು, ವ್ಯಾಯಾಮ ಮಾಡುತ್ತಿರಬಾರದು. ಅಂಥವರಿಗೇನು ಬರವೇ?"

ಬರವಿರಲಿಲ್ಲ. ಅದೇ ಹೊತ್ತಿಗೆ ವ್ಯಾಯಾಮದ ಹಾಲಿಗೆ ಒಗೆದ ಟವೆಲ್ ತರುವ ಲಾಂಡ್ರಿಯ ಹೆಂಗಸು ಭುಜದ ಮೇಲೆ ಗಂಟು ಹೊತ್ತು ಬಾಗಿಲಲ್ಲಿ ನಿಂತಿದ್ದಳು. ಆಸ್ಪತ್ರೆಯ ಲಾಂಡ್ರಿ ನೆಲಮಾಳಿಗೆಯಲ್ಲಿ, ನಮ್ಮ ಹಾಲು ಅದೇ ಕಟ್ಟಡದ ನಾಲ್ಕನೇ ಮಹಡಿಯಲ್ಲಿ. ಲಿಫ್ಟು ರೋಗಿಗಳಿಗೆ, ವೈದ್ಯರಿಗೆ ಮತ್ತು ವ್ಯಾಯಾಮ ಮಾಡಲು ಬರುವ ಹೆಂಗಸರಿಗೆ ಮೀಸಲು.

"ಅಕ್ಕ, ನೀವು ವ್ಯಾಯಾಮ ಮಾಡ್ತೀರಾ?" ಎಂದು ಫಾರಂ ತೆಗೆದುಕೊಂಡು ಕೇಳಿದೆ. ಅದು ಏಳನೇ ಪ್ರಶ್ನೆ.

ಆಕೆ ಗಂಟು ಇಳಿಸಿ ನಕ್ಕಳು. "ಎಲ್ಲಿಂದ ಮಾಡ್ಲಿ ತಂಗಿ, ಟೈಮ್ ಬೇಡ್ವಾ?"

"ಇಲ್ಲ" ಎಂಬ ಚೌಕದಲ್ಲಿ ಗುರುತು ಹಾಕಿದೆ. ಎಂಟನೇ ಪ್ರಶ್ನೆ, ಉದ್ಯೋಗ: ಕಚೇರಿ ಕೆಲಸ, ಮನೆಗೆಲಸ, ಇತರೆ. "ಇತರೆ" ಎಂದು ಗುರುತು ಹಾಕಿದೆ. ಒಂಬತ್ತನೆಯದು, ಬಿಡುವಿನ ವೇಳೆಯಲ್ಲಿ ವಾರಕ್ಕೆ ಎಷ್ಟು ಗಂಟೆ ವೇಗದ ನಡಿಗೆ? "ಬಿಡುವಿನ ವೇಳೆನಾ?" ಎಂದು ಆಕೆ ಕೇಳಿದ ರೀತಿಗೆ ಸೊನ್ನೆ ಬರೆದೆ. ಫಾರಂ ನೋಡಿದರೆ ಈ ಹೆಂಗಸು ಹುಟ್ಟಿದಾಗಿನಿಂದ ಸೋಫಾ ಬಿಟ್ಟು ಎದ್ದಿರಲಾರಳು ಎನ್ನಬೇಕು. ಆ ಗುರುತುಗಳನ್ನು ಹಾಕಿದ ಕೈ ನನ್ನದು. ಪಕ್ಕದಲ್ಲೇ ಇದ್ದ ಗಂಟು ನನಗೆ ಕಾಣಿಸಲಿಲ್ಲವೇ ಎಂದರೆ, ಕಾಣಿಸಿತು. ಅದನ್ನು ಬರೆಯಲು ಫಾರಮಿನಲ್ಲಿ ಜಾಗವಿರಲಿಲ್ಲ. ಮೊದಲ ದಿನದ ಟ್ರೆಡ್‌ಮಿಲ್ ಪರೀಕ್ಷೆ ಮಾಡಿದ್ದರೆ ಅಲ್ಲೇ ಗೊತ್ತಾಗುತ್ತಿತ್ತೇನೋ. ಯಂತ್ರ ಆ ವಾರ ರಿಪೇರಿಗೆ ಹೋಗಿತ್ತು. ಕೂರುವ ಗುಂಪಿನವರ ಸಾಮರ್ಥ್ಯವನ್ನು ಫಾರಂ ನೋಡಿ ಸೂತ್ರ ಹಾಕಿ ಲೆಕ್ಕ ಹಿಡಿದರೆ ಸಾಕು ಎಂದಿದ್ದರು ದೊಡ್ಡವರು. ಸೂತ್ರದ ಪ್ರಕಾರ ಮೂವತ್ತೊಂದು ಎರಡು ಮಹಡಿ ಹತ್ತಿದರೆ ಮೂರ್ಛೆ ಹೋಗಬೇಕಿತ್ತು.

ಉಳಿದವರೆಲ್ಲ ಒಪ್ಪಿಗೆ ಪತ್ರದ ಕೊನೆಯ ಪುಟ ತಿರುಗಿಸಿ ಸಹಿ ಹಾಕಿ ಪೆನ್ನು ವಾಪಸು ಕೊಟ್ಟಿದ್ದರು. ಆಕೆ ಹಾಕಲಿಲ್ಲ.

"ಓದಿ ತರ್ತೀನಿ."

"ಹದಿನೇಳು ಪುಟ ಇದೆ ಅಕ್ಕ."

"ಇರ್ಲಿ. ದಿನಾ ಚೀಟಿ ಓದೋದೇ ನನ್ನ ಕೆಲ್ಸ. ಓದ್ದೇ ಯಾವ ಗಂಟೂ ಬಿಚ್ಚಲ್ಲ ನಾನು."

ಮರುದಿನ ತಂದಳು. ಮೂರನೇ ಪುಟದಲ್ಲಿ ಸೋಪಿನ ನೀರು ಆರಿದ ಉಂಗುರವಿತ್ತು. ಎರಡು ಕಡೆ ಪೆನ್ಸಿಲ್ಲಿನ ಗೀಟು ಇತ್ತು. ಒಂದು ಗೀಟಿನ ಮೇಲೆ ಬೆರಳಿಟ್ಟು, "ಇದು ನಿಜಾನಾ?" ಎಂದು ಕೇಳಿದಳು. ಹದಿನಾರು ವಾರ ಪೂರೈಸಿದವರಿಗೆ ಆಸ್ಪತ್ರೆಯಲ್ಲಿ ಪೂರ್ಣ ಸ್ತನ ಪರೀಕ್ಷೆ, ಸ್ಕ್ಯಾನ್, ಅದೇ ದಿನ ವರದಿ, ತಜ್ಞ ವೈದ್ಯರ ಜೊತೆ ಮಾತುಕತೆ ಎಂದು ಬರೆದಿತ್ತು.

"ನಿಜ."

"ನಾನು ಅಲ್ಲಿ ಸ್ಕ್ಯಾನಿನ ಕೌಂಟರ್‌ನಲ್ಲಿ ಹೆಸ್ರು ಬರೆಸಿದೀನಿ. ಹನ್ನೊಂದು ತಿಂಗ್ಳು ಬಿಟ್ಟು ಬಾ ಅಂದ್ರು. ಅವರ ಬೆಡ್‌ಶೀಟು ಒಗೆಯೋಳೇ ನಾನು ಅಂದೆ. ಹಾಗಾದ್ರೆ ದೂರ ಇಲ್ವಲ್ಲ, ಹನ್ನೊಂದು ತಿಂಗ್ಳು ಆದ್ಮೇಲೆ ಬರೋಕೆ ಸುಲಭ ಅಂದ್ರು."

"ಅಷ್ಟು ಅರ್ಜೆಂಟಾ ಅಕ್ಕ?"

"ನಮ್ಮಮ್ಮ ಐವತ್ತೊಂದಕ್ಕೆ ಹೋದ್ಲು. ನಮ್ಮಕ್ಕ ನಲವತ್ತಾರಕ್ಕೆ. ಇಬ್ರಿಗೂ ಎದೇದೇ." ತನ್ನ ಎದೆಯ ಕಡೆ ಕೈ ತೋರಿಸಲಿಲ್ಲ, ಗೋಡೆಯ ಕಡೆ ನೋಡಿ ಹೇಳಿದಳು. "ಈ ಕೆಲ್ಸಕ್ಕೆ ಸೇರಿಸಿದ್ದೇ ಅಕ್ಕ. ನನಗೀಗ ನಲವತ್ತೈದು ನಡೀತಿದೆ. ಹನ್ನೊಂದು ತಿಂಗ್ಳಿಗೆ ಎಷ್ಟಾಗತ್ತೆ, ನೀನೇ ನೋಡು."

ಆಮೇಲೆ ಸಹಿ ಹಾಕಿದಳು. ಹೀಗೆ ಜೀವಮಾನದಲ್ಲಿ ಕೂತು ಅಭ್ಯಾಸವಿಲ್ಲದ ಒಬ್ಬ ಹೆಂಗಸು ಕೂರುವ ಗುಂಪಿಗೆ ಅಧಿಕೃತವಾಗಿ ಸೇರಿದಳು.

ಕೂರುವುದನ್ನು ಆಕೆ ಗಂಭೀರವಾಗಿಯೇ ತೆಗೆದುಕೊಂಡಳು. ಎರಡನೇ ವಾರ ಬಂದು ವರದಿ ಒಪ್ಪಿಸಿದಳು. "ಬಸ್ಸಿಗೆ ಓಡ್ತಿದ್ದೆ, ಬಿಟ್ಟೆ. ಓಡಿದ್ರೆ ನಿಮ್ಮ ಲೆಕ್ಕ ಕೆಡತ್ತಲ್ಲ. ಎರಡು ದಿನ ಲೇಟಾಯ್ತು, ಸೂಪರ್‌ವೈಸರ್ ಬೈದ. ವಿಜ್ಞಾನ ಅಂದೆ. ಇನ್ನೊಂದ್ಸಲ ವಿಜ್ಞಾನ ಅಂದ್ರೆ ಮನೇಲೇ ಕೂತ್ಕೋ ಅಂದ."

ನಾಲ್ಕನೇ ವಾರ ಎಲ್ಲರ ಕೈಗೂ ಹೆಜ್ಜೆ ಎಣಿಸುವ ಬ್ಯಾಂಡು ಕಟ್ಟಿದೆವು. ಓಡುವ ಗುಂಪಿನವರ ಸರಾಸರಿ ದಿನಕ್ಕೆ ಒಂಬತ್ತು ಸಾವಿರ ಹೆಜ್ಜೆ. ಅವರ ತರಬೇತುದಾರನನ್ನು ಎಲ್ಲರೂ ಸೀಟಿ ಎಂದೇ ಕರೆಯುತ್ತಿದ್ದೆವು, ಬಾಯಲ್ಲಿ ಸೀಟಿ ಇಲ್ಲದೆ ಅವನು ಉಸಿರಾಡಿದ್ದನ್ನು ಕಂಡವರಿಲ್ಲ. ಆ ಒಂಬತ್ತು ಸಾವಿರಕ್ಕೆ ಅವನು ಚಪ್ಪಾಳೆ ಹೊಡೆಸಿದ. ಮೂವತ್ತೊಂದರ ಬ್ಯಾಂಡು ಇಪ್ಪತ್ತೊಂದು ಸಾವಿರ ತೋರಿಸಿತು.

"ಕೆಟ್ಟಿದೆ, ಬದಲಾಯಿಸು," ಎಂದರು ದೊಡ್ಡವರು. ಬದಲಾಯಿಸಿದೆ. ಇಪ್ಪತ್ತೆರಡು ಸಾವಿರ. ಮತ್ತೆ ಬದಲಾಯಿಸಿದೆ. ಮೂರನೆಯದು ಕುದಿಯುವ ನೀರಿನಲ್ಲಿ ದಿಂಬಿನ ಕವರುಗಳ ಜೊತೆ ಬೆಂದು ಸೊನ್ನೆ ತೋರಿಸಿತು. ದೊಡ್ಡವರಿಗೆ ಸಮಾಧಾನವಾಯಿತು. "ನೋಡಿದೆಯಾ, ಇದು ಸರಿಯಾದದ್ದು," ಎಂದು ಅದನ್ನೇ ಬರೆಸಿದರು.

"ಸರ್, ಅವರು ಲಾಂಡ್ರಿಯಲ್ಲಿ ಕೆಲಸ ಮಾಡ್ತಾರೆ. ದಿನಾ ಗಂಟು ಹೊತ್ತು ನಾಲ್ಕು ಮಹಡಿ ಹತ್ತುತ್ತಾರೆ," ಎಂದೆ.

"ಅದು ಕೆಲಸ ಕಣಮ್ಮ. ವ್ಯಾಯಾಮ ಅಂದ್ರೆ ಉದ್ದೇಶ ಇರಬೇಕು."

ನಾನು ಸೊನ್ನೆ ಬರೆದ ಪುಟ ಮುಚ್ಚಿದೆ. ನನ್ನ ಉದ್ದೇಶ ಕೆಲಸ ಉಳಿಸಿಕೊಳ್ಳುವುದಾಗಿತ್ತು.

ಓಡುವ ಗುಂಪಿನವರಿಗೆ ಓಡಿದ ಮೇಲೆ ಬೆವರು ಒರೆಸಿಕೊಳ್ಳಲು ತಲೆಗೆರಡು ಟವೆಲ್. ನಲವತ್ತು ಟವೆಲ್ ಹಸಿಯಾಗಿ ಕೆಳಗೆ ಹೋಗಬೇಕು, ಒಣಗಿ ಮೇಲೆ ಬರಬೇಕು. ಹನ್ನೆರಡನೇ ನಂಬರಿನ ಬ್ಯಾಂಕ್ ಮ್ಯಾನೇಜರ್ ಮೇಡಂ ಲಿಫ್ಟಿನಿಂದಿಳಿದು, "ಇವತ್ತು ಮೈಯೆಲ್ಲ ನೋವಪ್ಪಾ ಸೀಟಿ, ಮೆಟ್ಟಿಲಿನ ಕಡೆ ನೋಡೋಕೂ ಭಯ," ಎಂದು ಗೋಳಾಡುವ ಹೊತ್ತಿಗೆ ಸರಿಯಾಗಿ ಮೆಟ್ಟಿಲಿನ ಕಡೆಯಿಂದ ಒಂದು ಟವೆಲ್ ಗಂಟು ಏರಿ ಬರುತ್ತಿತ್ತು. ಅದರ ಕೆಳಗೆ ಎರಡು ಕಾಲು. ಮ್ಯಾನೇಜರ್ ಮೇಡಂ ಒಂದು ದಿನ ಆ ಕಾಲುಗಳಿಗೆ ಉಪದೇಶವನ್ನೂ ಮಾಡಿದರು. "ನೀವೂ ಏನಾದ್ರೂ ಎಕ್ಸರ್‌ಸೈಜ್ ಶುರು ಮಾಡಿ. ನಮ್ಮ ವಯಸ್ಸಲ್ಲಿ ಹೆಂಗಸರಿಗೆ ತುಂಬ ಮುಖ್ಯ."

"ನಂಗೆ ಬೇಡ ಅಂದಿದಾರೆ ಮೇಡಮ್ಮೋರೆ," ಎಂದಿತು ಗಂಟು. "ನಾನು ಕೂರೋ ಗುಂಪು."

ಎಂಟನೇ ವಾರವೋ ಒಂಬತ್ತನೆಯದೋ ಇರಬೇಕು. ಟವೆಲ್ ಜೋಡಿಸಿಟ್ಟು ನನ್ನ ಮೇಜಿನ ಹತ್ತಿರ ಬಂದಳು.

"ನನ್ನ ರಕ್ತದಲ್ಲಿ ಏನು ನೋಡ್ತೀರ ತಂಗಿ? ಪೇಪರ್‌ನಲ್ಲಿ ಬರೆದಿದ್ದು ಓದಿದೆ, ತಲೆಗೆ ಹೋಗ್ಲಿಲ್ಲ."

ಮಿಥೈಲ್, ಗುರುತು, ಕಾವಲುಗಾರ ಎಂದು ಏನೇನೋ ಹೇಳಿದೆ. ಹಾಳೆಯ ಮೇಲೆ ಚಿತ್ರವನ್ನೂ ಬರೆದೆ. ಆಕೆ ಚಿತ್ರವನ್ನು ಸ್ವಲ್ಪ ಹೊತ್ತು ನೋಡಿ, ಸೆರಗಿನ ತುದಿಗೆ ಸಿಕ್ಕಿಸಿದ್ದ ಪಿನ್ನಿನಿಂದ ಒಂದು ಕೆಂಪು ರಟ್ಟಿನ ತುಂಡು ಬಿಡಿಸಿ ಮೇಜಿನ ಮೇಲಿಟ್ಟಳು.

"ಚೀಟಿ ಅನ್ನು. ನಮ್ಮಲ್ಲೂ ಇದೇ. ಗಂಟಿಗೆ ಕೆಂಪು ಚೀಟಿ ಚುಚ್ಚಿದ್ರೆ ಬಿಚ್ಚೋ ಹಾಗಿಲ್ಲ. ಒಳಗೆ ಎಂಥ ಒಳ್ಳೇ ಬೆಡ್‌ಶೀಟೇ ಇರ್ಲಿ, ಚೀಟಿ ಇರೋ ತನಕ ಅದು ಮೂಲೇಲಿ ಬಿದ್ದಿರತ್ತೆ. ವಾರ್ಡಲ್ಲಿ ರೋಗಿ ಬರೀ ರೆಗ್ಜಿನ್ ಮೇಲೆ ಮಲಗಿರ್ತಾನೆ."

"ಅದೇ ಅಕ್ಕ. ಅದೇ ಸರಿಯಾಗಿ." ನಾಲ್ಕು ವರ್ಷ ಓದಿದ್ದು ನನಗೆ ಆವತ್ತು ಅರ್ಥವಾಯಿತು.

"ತಪ್ಪು ಗಂಟಿಗೆ ಚುಚ್ಚಿದ್ರೆ ಕಾಯಿಲೆ."

"ಹೂಂ."

"ಓಡಿದ್ರೆ ಚೀಟಿ ಉದುರತ್ತೆ."

"ಉದುರಬಹುದು."

"ಬಹುದಾ?"

"ಬಹುದು."

"ನಮ್ಮ ಸೂಪರ್‌ವೈಸರ್ ರಜಾ ಕೊಡೋ ಮಾತಾಡಿದ ಹಾಗೇ ಆಯ್ತು," ಎಂದು ಆಕೆ ಚೀಟಿಯನ್ನು ಮತ್ತೆ ಸೆರಗಿಗೆ ಚುಚ್ಚಿಕೊಂಡಳು. ಹೋಗುತ್ತ ಬಾಗಿಲಲ್ಲಿ ತಿರುಗಿ, "ಈ ಚೀಟಿ ನೋಡಿದ್ರೆ, ಒಳಗೆ ಗಡ್ಡೆ ಇದೆಯೋ ಇಲ್ವೋ ಗೊತ್ತಾಗತ್ತಾ?" ಎಂದು ಕೇಳಿದಳು.

"ಇಲ್ಲ ಅಕ್ಕ. ಅದಕ್ಕೆ ಸ್ಕ್ಯಾನೇ ಬೇಕು."

"ಅಷ್ಟೇ ಕೇಳಿದ್ದು."

ಟ್ರೆಡ್‌ಮಿಲ್ ಮೇಲೆ ಆಕೆ ಆಕಳಿಸಿದ ಮರುದಿನವೇ ರಕ್ತದ ಫಲಿತಾಂಶ ಬಂತು. ದೊಡ್ಡವರು ಪರದೆಯ ಮುಂದೆ ಕೂತು ಕೈ ಉಜ್ಜಿಕೊಂಡರು. ಎಡಗಡೆ ಓಡುವ ಗುಂಪಿನ ಇಪ್ಪತ್ತು ಹಸಿರು ಚುಕ್ಕಿ, ಬಲಗಡೆ ಕೂರುವ ಗುಂಪಿನ ಇಪ್ಪತ್ತು ಬೂದು ಚುಕ್ಕಿ. ಚುಕ್ಕಿ ಮೇಲಿದ್ದಷ್ಟೂ ಕಾವಲುಗಾರ ಎಚ್ಚರವಾಗಿದ್ದಾನೆಂದು ಅರ್ಥ. ಹದಿನಾರು ವಾರದಲ್ಲಿ ಹಸಿರು ಚುಕ್ಕಿಗಳು ಮೇಲೇರಿದ್ದವು. ಆಕಾಶಕ್ಕೇನೂ ಅಲ್ಲ, ಒಂದು ಕುರ್ಚಿಯ ಮೇಲೆ ನಿಂತಷ್ಟು. ಬೂದು ಚುಕ್ಕಿಗಳು ಹೇಳಿದ ಮಾತು ಕೇಳುವ ಮಕ್ಕಳಂತೆ ಕೆಳಗೇ ಕೂತಿದ್ದವು. ಒಂದನ್ನು ಬಿಟ್ಟು.

"ಅದ್ಯಾವುದು ಮೇಲೆ?"

ನೋಡುವ ಅಗತ್ಯವಿರಲಿಲ್ಲ, ಆದರೂ ನೋಡಿದೆ. "ಮೂವತ್ತೊಂದು ಸರ್."

ಎಲ್ಲ ಹಸಿರು ಚುಕ್ಕಿಗಳಿಗಿಂತ ಮೇಲೆ, ಒಬ್ಬಳೇ. ಕೊನೆಯ ರಕ್ತದಲ್ಲಿ ಮಾತ್ರವಲ್ಲ, ಮೊದಲ ದಿನದ ರಕ್ತದಲ್ಲೂ ಅಲ್ಲೇ. ನಮ್ಮ ಓಟಗಾರ್ತಿಯರು ಹದಿನಾರು ವಾರ ಸೀಟಿಯ ತಾಳಕ್ಕೆ ಏದುಸಿರು ಬಿಟ್ಟು ಎಲ್ಲಿಗೆ ಹೊರಟಿದ್ದರೋ ಅಲ್ಲಿ ಈಕೆ ಮೊದಲೇ ಹೋಗಿ ಟವೆಲ್ ಹಿಡಿದು ನಿಂತಿದ್ದಳು.

ದೊಡ್ಡವರು ಆ ಚುಕ್ಕಿಯನ್ನು ತೆಗೆದು ಲೆಕ್ಕ ಹಾಕಿದರು. ಎರಡು ಗುಂಪಿನ ನಡುವಿನ ವ್ಯತ್ಯಾಸ ಲೇಖನ ಬರೆಯುವಷ್ಟು ದೊಡ್ಡದಾಗಿತ್ತು. ಚುಕ್ಕಿಯನ್ನು ಮತ್ತೆ ಇಟ್ಟು ಲೆಕ್ಕ ಹಾಕಿದರು. ವ್ಯತ್ಯಾಸ ಬರೀ ಆಕಸ್ಮಿಕವಿರಬಹುದು ಎಂದಿತು ಕಂಪ್ಯೂಟರ್. ಹತ್ತು ಸಲ ತೆಗೆದರು, ಹತ್ತು ಸಲ ಇಟ್ಟರು. ಮುಂದಿನ ತಿಂಗಳು ಸಮ್ಮೇಳನ. ಪೋಸ್ಟರ್ ಆಗಲೇ ಅಚ್ಚಾಗಿ ಮೂಲೆಯಲ್ಲಿ ಸುರುಳಿ ಸುತ್ತಿಕೊಂಡು ನಿಂತಿತ್ತು. "ಅವಳು ಓಡಿದಳು, ಅವಳ ಜೀನುಗಳು ಎಚ್ಚೆತ್ತವು" ಎಂದು ಅದರ ತಲೆಬರಹ. ಕೆಳಗೆ ಓಡುತ್ತಿರುವ ಹನ್ನೆರಡನೇ ನಂಬರಿನ ಚಿತ್ರ, ಮುಖ ಮರೆಮಾಡಿ.

"ಸರ್," ಎಂದೆ, "ಇದು ಇನ್ನೂ ಸ್ವಾರಸ್ಯವಾಗಿಲ್ವಾ? ಒಬ್ಬರೇ ಒಬ್ಬರಿಂದ ಏನೂ ಹೇಳೋಕಾಗಲ್ಲ, ಸರಿ. ಆದ್ರೆ ಮೈಮುರಿದು ದುಡಿಯೋ ಹೆಂಗಸರನ್ನೇ ಬೇರೆ ಗುಂಪು ಮಾಡಿ ನೋಡಿದ್ರೆ..."

"ಗುಂಪು ಮಾಡಿ ಏನಂತ ಪೋಸ್ಟರ್ ಹಾಕಲಿ? ಬಟ್ಟೆ ಒಗೆಯಿರಿ ಅಂತಾನಾ? ಷೂ ಕಂಪನಿಯವರು ಬಂದು ನನ್ನ ಕೈ ಕುಲುಕುತ್ತಾರಾ?" ಅವರು ಕುರ್ಚಿ ತಿರುಗಿಸಿ ನನ್ನನ್ನು ನೋಡಿದರು. "ಈ ವ್ಯಕ್ತಿ ಕೂರುವ ಗುಂಪಿಗೆ ಅರ್ಹಳೇ ಅಲ್ಲ. ಫಾರಂ ತುಂಬಿದ್ದು ಯಾರು?"

"ನಾನು ಸರ್."

"ಹಾಗಾದ್ರೆ ನೀನೇ ಕರ್ಕೊಂಡು ಬಾ."

ನೆಲಮಾಳಿಗೆಗೆ ಇಳಿದೆ. ಹಬೆ, ಬ್ಲೀಚಿನ ಘಾಟು, ದೊಡ್ಡ ಡ್ರಮ್ಮುಗಳು ತಿರುಗುವ ಸದ್ದು. ಆಕೆ ಮೂರು ಜನರ ಎತ್ತರದ ರಾಶಿಯಿಂದ ಬೆಡ್‌ಶೀಟು ಎಳೆದೆಳೆದು ಚೀಟಿ ಓದಿ ಬೇರೆ ಬೇರೆ ಗಾಡಿಗೆ ಎಸೆಯುತ್ತಿದ್ದಳು. ಒಂದನ್ನೂ ತಪ್ಪು ಗಾಡಿಗೆ ಎಸೆಯಲಿಲ್ಲ.

"ಸರ್ ಕರೀತಿದಾರೆ ಅಕ್ಕ."

"ರಕ್ತದಲ್ಲಿ ಏನಾದ್ರೂ ಬಂತಾ?" ಕೈಯಲ್ಲಿದ್ದ ಬೆಡ್‌ಶೀಟು ಎಸೆಯದೆ ಹಾಗೇ ಹಿಡಿದುಕೊಂಡಳು.

"ಇಲ್ಲ ಇಲ್ಲ. ಚೆನ್ನಾಗಿದೆ. ತುಂಬ ಚೆನ್ನಾಗಿದೆ."

"ಚೆನ್ನಾಗಿದ್ರೆ ಯಾಕೆ ಕರೀತಾರೆ?"

ನಾನು ಮೆಟ್ಟಿಲಿನ ಕಡೆ ತಿರುಗಿದೆ. ಮೆಟ್ಟಿಲು ಹತ್ತುವಾಗ ಎರಡನೇ ಮಹಡಿಯಲ್ಲಿ ನನಗೆ ನಿಲ್ಲಬೇಕಾಯಿತು. ಆಕೆ ಮೇಲಿನ ಮೆಟ್ಟಿಲಲ್ಲಿ ಕಾಯುತ್ತ, "ನಿಧಾನ ತಂಗಿ, ನೀನೂ ಏನಾದ್ರೂ ಮಾಡ್ಬೇಕು ಕಣೆ, ಇಡೀ ದಿನ ಕೂತೇ ಇರ್ತೀಯ," ಎಂದಳು.

ದೊಡ್ಡವರ ಕೋಣೆಯಲ್ಲಿ ಮೇಜು ಒಪ್ಪವಾಗಿತ್ತು. ಒಂದು ಹೊಸ ಷೂ ಪೆಟ್ಟಿಗೆ, ಚಿನ್ನದ ಬಣ್ಣದ ಅಂಚಿನ ಪ್ರಮಾಣಪತ್ರ, ಒಂದು ಹಾಳೆ, ಹಾಳೆಯ ಮೇಲೆ ಮುಚ್ಚಳ ತೆಗೆದಿಟ್ಟ ಪೆನ್ನು.

"ಬನ್ನಿ ತಾಯಿ, ಕೂತ್ಕೊಳ್ಳಿ."

"ಪರವಾಗಿಲ್ಲ ಸರ್."

"ಅಯ್ಯೋ, ಕೂರುವ ಗುಂಪಿನವರು ಕೂರದಿದ್ದರೆ ಹೇಗೆ?" ಎಂದು ತಮ್ಮ ಮಾತಿಗೆ ತಾವೇ ನಕ್ಕರು. ಆಕೆ ನಿಂತೇ ಇದ್ದಳು. "ನಿಮಗೆ ಒಳ್ಳೆಯ ಸುದ್ದಿ. ನಿಮ್ಮ ಜೀನುಗಳಿವೆಯಲ್ಲ, ಬಹಳ ಚೆನ್ನಾಗಿವೆ. ಓಡಿದವರಿಗೂ ಇಷ್ಟು ಬಂದಿಲ್ಲ. ನೀವು ಹೆಮ್ಮೆ ಪಡಬೇಕು."

"ಸರಿ ಸರ್."

"ಎಷ್ಟು ಚೆನ್ನಾಗಿವೆ ಅಂದ್ರೆ, ನೀವು ಈ ಗುಂಪಿನಲ್ಲಿ ಇರಬೇಕಾದವರೇ ಅಲ್ಲ. ಸಣ್ಣದೊಂದು ತಪ್ಪಾಗಿದೆ, ನಮ್ಮ ಹುಡುಗಿಯಿಂದ." ನಾನು ನೆಲ ನೋಡಿದೆ. "ಅದಕ್ಕೆ ನೀವು ಇಲ್ಲೊಂದು ಸಹಿ ಹಾಕಿಬಿಡಿ. ವೈಯಕ್ತಿಕ ಕಾರಣಗಳಿಂದ ಹಿಂದೆ ಸರಿಯುತ್ತಿದ್ದೇನೆ ಅಂತ. ಎಲ್ಲ ಟೈಪ್ ಆಗಿದೆ."

"ಯಾವ ವೈಯಕ್ತಿಕ ಕಾರಣ ಸರ್?"

"ಅದು ವೈಯಕ್ತಿಕ. ಯಾರೂ ಕೇಳಲ್ಲ."

"ನನಗೇ ಗೊತ್ತಿಲ್ವಲ್ಲ, ಅದಕ್ಕೆ ಕೇಳಿದೆ."

ದೊಡ್ಡವರು ಷೂ ಪೆಟ್ಟಿಗೆಯನ್ನು ಆಕೆಯ ಕಡೆ ನೂಕಿದರು. "ಸುಮ್ಮನೆ ಅಲ್ಲ. ಮುಂದಿನ ಬ್ಯಾಚ್‌ನಲ್ಲಿ ನಿಮಗೆ ಓಡುವ ಗುಂಪಿನಲ್ಲೇ ಜಾಗ. ಚೀಟಿ ಗೀಟಿ ಇಲ್ಲ, ನೇರವಾಗಿ. ಹದಿನಾರು ವಾರ ಉಚಿತ ತರಬೇತಿ. ಷೂ ನಿಮ್ಮದೇ. ಪ್ರಮಾಣಪತ್ರ ಕೂಡ."

"ಸ್ಕ್ಯಾನು?"

"ಆ ಬ್ಯಾಚ್ ಮುಗಿದ ಮೇಲೆ, ಖಂಡಿತ."

"ಈ ಸೋಮವಾರ ಇದೆಯಲ್ಲ ಸರ್."

"ಅದು ಪೂರೈಸಿದವರಿಗೆ. ನೀವು ಹಿಂದೆ ಸರಿದ ಮೇಲೆ..." ಅವರು ಕೈಯನ್ನು ಗಾಳಿಯಲ್ಲಿ ಆಡಿಸಿದರು. ನಂತರ ದನಿ ತಗ್ಗಿಸಿ, ಮನೆಯ ಹಿರಿಯಣ್ಣನ ಹಾಗೆ ಮುಂದಕ್ಕೆ ಬಾಗಿದರು. "ನೋಡಿ ತಾಯಿ, ಇಂಥ ಜೀನು ಇಟ್ಟುಕೊಂಡು ನಿಮಗೆ ಸ್ಕ್ಯಾನ್ ಯಾಕೆ? ನಿಮಗೆ ಏನೂ ಆಗದಿರಬಹುದು."

ಆಕೆ ನನ್ನ ಕಡೆ ನೋಡಿದಳು. ನಾನು ಕಣ್ಣು ತಪ್ಪಿಸಲು ಹೋದೆ, ಆಗಲಿಲ್ಲ.

"ನಮ್ಮಕ್ಕನೂ ಇದೇ ಲಾಂಡ್ರಿ ಸರ್," ಎಂದಳು. "ಅಮ್ಮನೂ. ಆಗ ಆರನೇ ಮಹಡಿ ವಾರ್ಡಿಗೂ ನಾವೇ ಒಯ್ಯಬೇಕಿತ್ತು. ನನಗಿಂತ ಎರಡು ಮಹಡಿ ಜಾಸ್ತಿ ಹತ್ತಿದ್ಲು ಅಕ್ಕ, ದಿನಾ, ಇಪ್ಪತ್ತು ವರ್ಷ. ಅವಳ ಚೀಟಿಗಳೂ ಚೆನ್ನಾಗೇ ಇದ್ದಿರಬಹುದು. ಅಲ್ವಾ ತಂಗಿ?"

"ಇದ್ದಿರಬಹುದು ಅಕ್ಕ," ಎಂದೆ. ಆ ಪದವನ್ನು ಆವರೆಗೆ ಅಷ್ಟು ಕಷ್ಟಪಟ್ಟು ನಾನು ಹೇಳಿರಲಿಲ್ಲ.

"ತೀರ್ಕೊಂಡ ತಿಂಗ್ಳು ಕೂಡ ಹತ್ತಿದಾಳೆ."

ಹಾಲಿನಿಂದ ಸೀಟಿಯ ಸೀಟಿ ಕೇಳಿಸಿತು. ದೊಡ್ಡವರು ಗಂಟಲು ಸರಿಮಾಡಿಕೊಂಡರು. "ನೀವು ಸಹಿ ಹಾಕದಿದ್ದರೆ ನಾವೇ ನಿಮ್ಮನ್ನು ತೆಗೆಯಬೇಕಾಗತ್ತೆ. ನಿಮಗೇ ಮರ್ಯಾದೆ ಇರಲಿ ಅಂತ..."

"ಹನ್ನೆರಡು ವಾರ ಆದ್ಮೇಲೆ ನೀವು ತೆಗೆಯೋ ಹಾಗಿಲ್ಲ ಸರ್. ನಾನೇ ಬಿಡಬೇಕು. ಪೇಪರ್‌ನಲ್ಲಿದೆ. ಗೀಟು ಹಾಕಿಟ್ಟಿದೀನಿ."

ದೊಡ್ಡವರು ನನ್ನ ಕಡೆ ತಿರುಗಿದರು. ಆ ಪತ್ರ ಅವರೇ ಬರೆದದ್ದು; ಎಂದರೆ, ಯಾವುದೋ ಹಳೆಯ ಸಂಶೋಧನೆಯದನ್ನು ತೆಗೆದು ತಾರೀಖು ಬದಲಾಯಿಸಿ ನನಗೆ ಕೊಟ್ಟದ್ದು. "ಹಾಗಿದೆಯಾ?"

ನನ್ನ ಕಡತದಲ್ಲಿ ಸೋಪಿನ ಉಂಗುರವಿದ್ದ ಪ್ರತಿ ಇತ್ತು. ಅದನ್ನು ತೆಗೆದು ಮೇಜಿನ ಮೇಲೆ, ಷೂ ಪೆಟ್ಟಿಗೆಯ ಪಕ್ಕದಲ್ಲಿಟ್ಟೆ. "ಇದೆ ಸರ್. ಹನ್ನೊಂದನೇ ಪುಟ, ಕೆಳಗಡೆ."

ಅವರು ಓದಿದರು. ಕನ್ನಡಕ ತೆಗೆದು ಒರೆಸಿ ಮತ್ತೆ ಓದಿದರು. ಬೂದು ಚುಕ್ಕಿಯನ್ನು ತೆಗೆದು ಇಟ್ಟು ಮಾಡುವಾಗ ಇದ್ದ ಮುಖವೇ ಈಗಲೂ ಇತ್ತು. ಕೊನೆಗೆ ಹಾಳೆಯನ್ನು ಬಿಟ್ಟು ಷೂ ಪೆಟ್ಟಿಗೆಯ ಮುಚ್ಚಳ ತೆಗೆದರು. ಒಳಗೆ ತೆಳ್ಳನೆಯ ಬಿಳಿ ಕಾಗದ, ಕಾಗದದೊಳಗೆ ಗುಲಾಬಿ ಬಣ್ಣದ ಷೂ, ಹಗುರ, ಒಂದು ಮಡತೆಯೂ ಇಲ್ಲದ್ದು. ಒಂದನ್ನು ಕೈಯಲ್ಲೆತ್ತಿ ಆಕೆಯ ಮುಂದೆ ಹಿಡಿದರು. ಇನ್ನೊಂದು ಕೈಯಲ್ಲಿ ಪೆನ್ನು ಇತ್ತು.

"ಹಾಕಿ ನೋಡಿ ತಾಯಿ. ಆಮೇಲೆ ಯೋಚನೆ ಮಾಡಿ. ನಿಮ್ಮ ಅಳತೆಯದನ್ನೇ ತರಿಸಿದೀನಿ. ಇವತ್ತೇ ಹೇಳಬೇಕು ಅಂತೇನಿಲ್ಲ."

ಆಕೆ ಷೂವನ್ನು ನೋಡಿದಳು. ಒಗೆಯಲು ಬಂದ ಬಟ್ಟೆಯ ಮೇಲಿನ ಕಲೆ ಎಂಥದ್ದೆಂದು ನೋಡುವ ಹಾಗೆ, ಚೆನ್ನಾಗಿಯೇ ನೋಡಿದಳು.

"ಬೇಡ," ಎಂದಳು.